ತಾಮ್ರ ಕಂಡ ಬೇರಿಂಗ್

“ಏಳನೇ ಕ್ಲಾಸಿಗೇ ಚೀಲ ಬಿಸಾಕಿ ಓಡಿಬಂದೋನು ನನಗೆ ಎಂಜಿನ್ ಪಾಠ ಹೇಳ್ತಾನೆ, ನೋಡ್ರಪ್ಪ! ಲೋ ಪಟಾಕಿ, ಮೊದಲು ಈ ಫಾರಮ್ಮನ್ನ ತಲೆಕೆಳಗೆ ಹಿಡೀದೆ ಓದೋದು ಕಲಿ. ಆಮೇಲೆ ಬೇರಿಂಗ್ ಬಗ್ಗೆ ಬಾಯಿ ಬಿಡುವಿಯಂತೆ.”

ಬೆಳಗಿನ ಸಾಲಿನಲ್ಲಿ ನಿಂತಿದ್ದ ಹದಿನಾಲ್ಕು ಜನರೂ ನಕ್ಕರು. ಆ ವರ್ಕ್‌ಶಾಪಿನಲ್ಲಿ ನಗುವುದೂ ಕೆಲಸದ ಒಂದು ಭಾಗವೇ. ಸೂಪರ್‌ವೈಸರ್ ಮಾತು ಮುಗಿಸಿ ಅತ್ತಿತ್ತ ನೋಡಿದರೆ ನಗಬೇಕು, ನೋಡದಿದ್ದರೆ ತಲೆಯಾಡಿಸಬೇಕು. ಇವತ್ತು ನೋಡಿದ್ದರಿಂದ ನಕ್ಕರು. ಸಾಲಿನ ಆಚೆ, ತನ್ನ ಲಾರಿಯ ಬಂಪರಿಗೆ ಒರಗಿ ನಿಂತಿದ್ದ ಡ್ರೈವರೂ ನಕ್ಕ. ಅವನು ಪಟಾಕಿಯ ಅಕ್ಕನ ಗಂಡ. ಉಳಿದ ಹದಿನಾಲ್ಕು ನಗು ಪಟಾಕಿಯ ಮೈಮೇಲೆ ಬಿದ್ದು ಜಾರಿಹೋದವು. ಭಾವನ ನಗು ಮಾತ್ರ ಬೆನ್ನಿಗೆ ಗ್ರೀಸಿನಂತೆ ಅಂಟಿಕೊಂಡಿತು.

ಕಡ್ಡಿ ಗೀರುವ ಮೊದಲೇ ಸಿಡಿಯುತ್ತಾನೆಂದು ಅವನಿಗೆ ಪಟಾಕಿ ಅನ್ನುತ್ತಿದ್ದರು. ಅವನು ಕೇಳಿದ್ದಾದರೂ ಏನು? ಭಾವನ ಲಾರಿಯ ಕ್ಯಾಮ್ ಶಾಫ್ಟ್ ಸವೆದುಹೋಗಿ ಹೊಸದನ್ನು ಹಾಕಿಯಾಗಿತ್ತು. ಇನ್ನು ಮುಂದಿನ ಕವರ್ ಮುಚ್ಚಿ, ರೇಡಿಯೇಟರ್ ಕೂರಿಸಿದರೆ ಗಾಡಿ ಆಚೆಗೆ. “ಸಾರ್, ಮುಚ್ಚೋ ಮೊದಲು ಕೆಳಗಡೆ ಆಯಿಲ್ ಚೇಂಬರ್ ಇಳಿಸಿ ಕ್ರ್ಯಾಂಕ್ ಬೇರಿಂಗ್ ಒಂದ್ಸಲ ನೋಡ್ಬಿಡೋಣ,” ಎಂದಿದ್ದ. ಸೂಪರ್‌ವೈಸರು ಫಾರಮ್ಮನ್ನು ಅವನ ಮೂಗಿನ ತನಕ ತಂದು, “ನೋಡಾಗಿದೆ. ಹನ್ನೊಂದನೇ ಚೌಕ. ಟಿಕ್ ಕಾಣ್ಸುತ್ತಾ?” ಎಂದಿದ್ದರು. “ಚೇಂಬರ್ ಬಿಚ್ಚದೆ ಹೆಂಗೆ ನೋಡಿದ್ರಿ ಸಾರ್?” ಎಂದು ಪಟಾಕಿ ಕೇಳಿದ್ದ. ಏಳನೇ ಕ್ಲಾಸು, ಚೀಲ, ತಲೆಕೆಳಗಿನ ಫಾರಮ್ಮು ಎಲ್ಲ ಬಂದದ್ದು ಆ ಒಂದು ಪ್ರಶ್ನೆಗೆ ಉತ್ತರವಾಗಿ.

ಸೂಪರ್‌ವೈಸರಿಗೆ ಅವರ ಬೆನ್ನ ಹಿಂದೆ ಬಿಳಿಕೋಟು ಎಂಬ ಹೆಸರಿತ್ತು. ಎಂಜಿನ್ ಆಯಿಲು ಸೀಲಿಂಗ್ ಫ್ಯಾನಿಗೂ ಹತ್ತಿದ್ದ ಆ ಶೆಡ್ಡಿನಲ್ಲಿ ಅವರೊಬ್ಬರು ಮಾತ್ರ ಹಾಲಿನಂಥ ಕೋಟು ತೊಟ್ಟು ಓಡಾಡುತ್ತಿದ್ದರು. ಮೂರು ವರ್ಷದಲ್ಲಿ ಅದರ ಮೇಲೆ ಒಂದು ಚುಕ್ಕೆ ಬಿದ್ದಿಲ್ಲ. ಅದನ್ನು ಅವರು ಸಾಧನೆ ಎಂದುಕೊಂಡಿದ್ದರು. ಕೆಲಸ ಗೊತ್ತಿದ್ದವರು ಅದನ್ನು ಸಾಕ್ಷಿ ಎಂದುಕೊಂಡಿದ್ದರು. ಅವರು ವರ್ಕ್‌ಶಾಪಿನ ಯಜಮಾನರ ಹೆಂಡತಿಯ ತಮ್ಮ. ಭಾಮೈದನಾಗಲು ಯಾರೂ ಪರೀಕ್ಷೆ ಬರೆಯಬೇಕಾಗಿಲ್ಲ, ಬರೆದರೂ ನಪಾಸಾಗುವ ಭಯವಿಲ್ಲ.

ಅವರು ಬಂದ ಮೇಲೆಯೇ ವರ್ಕ್‌ಶಾಪಿಗೆ ಗುಣಮಟ್ಟ ಬಂದದ್ದು. ಗುಣಮಟ್ಟವೆಂದರೆ ಗೋಡೆಯ ಮೇಲೊಂದು ಗಾಜಿನ ಚೌಕಟ್ಟು, ಅದರೊಳಗೆ ಚಿನ್ನದ ಅಂಚಿನ ಸರ್ಟಿಫಿಕೇಟು, ಮತ್ತು ಪ್ರತಿ ಗಾಡಿಗೂ ಮೂವತ್ತೆರಡು ಚೌಕಗಳ ಒಂದು ಫಾರಮ್ಮು. ಮೂವತ್ತೆರಡೂ ತುಂಬದೆ ಗಾಡಿ ಆಚೆ ಹೋಗುವಂತಿಲ್ಲ ಎಂಬುದು ನಿಯಮ. ಹಾಗಾಗಿ ಗಾಡಿಗೆ ತಡವಾಗದಿರಲೆಂದು ಬಿಳಿಕೋಟು ಎಲ್ಲ ಚೌಕಗಳನ್ನೂ ಗಾಡಿ ಒಳಗೆ ಬರುವಾಗಲೇ ತುಂಬಿಬಿಡುತ್ತಿದ್ದರು. ಒಂದೇ ಪೆನ್ನು, ಒಂದೇ ಉಸಿರು. ಕಳೆದ ತಿಂಗಳು ಒಂದು ಟ್ರೇಲರಿನ ಎಂಜಿನ್ನನ್ನೂ ಹೀಗೆ ಪರೀಕ್ಷಿಸಿ ಪಾಸು ಮಾಡಿದ್ದರು. ಟ್ರೇಲರಿಗೆ ಎಂಜಿನ್ ಇರುವುದಿಲ್ಲ.

ಸಾಲು ಚದುರಿದ ಮೇಲೆ ಭಾವ ಹತ್ತಿರ ಬಂದ.

“ಏನೋ, ಬೆಳಿಗ್ಗೆ ಬೆಳಿಗ್ಗೆ ಅವರ ಹತ್ರ ಯಾಕೆ ಕಿರಿಕ್ಕು? ಸಂಜೆ ಐದಕ್ಕೆ ಗಾಡಿ ಕೊಡಿ ಸಾಕು. ನಾಳೆ ಲೋಡಿದೆ.”

“ನಗೋಕೆ ಮಾತ್ರ ಚೆನ್ನಾಗ್ ಬರುತ್ತೆ ನಿನಗೆ.”

“ಎಲ್ರೂ ನಕ್ರು, ನಾನೂ ನಕ್ಕೆ. ಅದಕ್ಕೇನೀಗ?”

“ಭಾವ, ಹಳೇ ಕ್ಯಾಮ್ ನೋಡಿದ್ಯಾ ನೀನು?”

ಪಟಾಕಿ ಬೆಂಚಿನ ಕೆಳಗಿಂದ ಹಳೆಯ ಕ್ಯಾಮ್ ಎಳೆದು ತೋರಿಸಿದ. ಉದ್ದನೆಯ ಸರಳಿನ ಮೇಲೆ ಸಾಲಾಗಿ ಉಬ್ಬುಗಳು. ಪ್ರತಿ ಉಬ್ಬೂ ಕೋಳಿಮೊಟ್ಟೆಯ ಮೂತಿಯಂತೆ ಚೂಪಾಗಿ ಎದ್ದಿರಬೇಕು. ಅದರಲ್ಲಿ ಎರಡು ಉಬ್ಬುಗಳು ಬೋಳುತಲೆಯಂತೆ ನುಣ್ಣಗಾಗಿದ್ದವು.

“ಇಲ್ಲಿ ಇಷ್ಟು ಕಬ್ಬಿಣ ಇತ್ತು. ಈಗಿಲ್ಲ. ಎಲ್ಲಿ ಹೋಯ್ತು?”

“ಸವೀತು.”

“ಸವೆದು ಎಲ್ಲಿ ಹೋಯ್ತು ಅಂತ ಕೇಳ್ತಿರೋದು. ಗಾಳಿಗೆ ಹಾರಿಹೋಯ್ತಾ? ಪುಡಿಯಾಗಿ ಆಯಿಲ್‌ಗೆ ಬಿತ್ತು. ಆಯಿಲ್ ಎಲ್ಲಿಗೆ ಹೋಗುತ್ತೆ? ಸೀದಾ ಕ್ರ್ಯಾಂಕ್ ಬೇರಿಂಗಿಗೆ. ಮೊನ್ನೆ ನಮ್ಮನೇಲಿ ಊಟಕ್ಕೆ ಕೂತಾಗ ನೀನೇ ಹೇಳ್ಲಿಲ್ವಾ, ಎಂಜಿನ್ ಕಾದ್ಮೇಲೆ ಮೀಟರಲ್ಲಿ ಆಯಿಲ್ ಪ್ರೆಶರ್ ಮುಳ್ಳು ಇಳೀತದೆ, ಗಾಜಿಗೆ ತಟ್ಟಿದ್ರೂ ಏಳೋದಿಲ್ಲ ಅಂತ?”

ಭಾವ ಹಿಂದೆ ಮುಂದೆ ನೋಡಿದ. “ಮೆಲ್ಲಗೆ ಮಾತಾಡೋ ಮಾರಾಯ. ಲಾರಿ ಓನರ್ ಕಿವಿಗೆ ಬಿದ್ರೆ ಮೊದಲೇ ಯಾಕೆ ಹೇಳ್ಲಿಲ್ಲ ಅಂತ ನನ್ನ ಕೆಲಸ ಬಿಡಿಸಿ ಮನೇಲಿ ಕೂರಿಸ್ತಾರೆ.”

ಪಟಾಕಿಗೆ ಮೈಯೆಲ್ಲ ಉರಿಯಿತು. ನಾಳೆ ಬೆಳಿಗ್ಗೆ ಇದೇ ಮನುಷ್ಯ ಇಪ್ಪತ್ತು ಟನ್ ಸಿಮೆಂಟು ಹೇರಿಕೊಂಡು ಬೆಟ್ಟದ ರಸ್ತೆ ಇಳಿಯಬೇಕು. ಹದಿನೇಳು ತಿರುವು. ನಡುವೆ ಎಲ್ಲಾದರೂ ಬೇರಿಂಗ್ ಕಚ್ಚಿಕೊಂಡು ಎಂಜಿನ್ ನಿಂತರೆ ಸ್ಟೇರಿಂಗು ಕಲ್ಲಾಗುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಸಾಯುತ್ತದೆ. ಮಿಕ್ಕಿದ್ದನ್ನು ಇಳಿಜಾರು ನೋಡಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದೂ ಈ ಭಾವನಿಗೆ ತಿರುವಿಗಿಂತ ಓನರ್ ಕಿವಿ ದೊಡ್ಡದಾಗಿ ಕಾಣುತ್ತಿತ್ತು.

ಬಿಳಿಕೋಟು ಒಂದು ಸಲ ಆಫೀಸಿನೊಳಗೆ ಹೊಕ್ಕರೆ ಊಟದ ತನಕ ಹೊರಬರುವವರಲ್ಲ, ಅಲ್ಲಿ ಎ.ಸಿ. ಇತ್ತು. ಬಾಗಿಲು ಮುಚ್ಚಿದ್ದೇ ತಡ, ಪಟಾಕಿ ಸ್ಪ್ಯಾನರ್ ಹಿಡಿದು ಲಾರಿಯ ಅಡಿಯ ಗುಂಡಿಗೆ, ಪಿಟ್ಟಿಗೆ, ಇಳಿದ.

ಚೇಂಬರಿನ ಬೋಲ್ಟು ಇಪ್ಪತ್ತೆಂಟು. ಆಯಿಲು ನಿನ್ನೆಯೇ ಇಳಿಸಿತ್ತು, ಆದರೂ ಕೊನೆಯ ಬೋಲ್ಟು ಬಿಚ್ಚುವಾಗ ಒಂದು ಕಪ್ಪು ಜೊಲ್ಲು ಮೊಣಕೈ ತನಕ ಹರಿಯಿತು. ಚೇಂಬರನ್ನು ಮಂಡಿಯ ಮೇಲೆ ಇಳಿಸಿಕೊಂಡು ತಳಕ್ಕೆ ಬೆರಳು ಎಳೆದ. ಟಾರ್ಚಿನ ಬೆಳಕಿಗೆ ಬೆರಳತುದಿ ಮಿಣಮಿಣ ಎಂದಿತು. ಹುಡುಗಿಯರು ಕೆನ್ನೆಗೆ ಹಚ್ಚುವ ಮಿನುಗು ಪುಡಿಯ ಹಾಗೆ. ಸವೆದ ಕ್ಯಾಮಿನ ವಿಳಾಸ ಸಿಕ್ಕಿತು.

ಎಂಜಿನ್ನಿನ ಬಲವನ್ನೆಲ್ಲ ಹೊತ್ತು ತಿರುಗುವ ಕ್ರ್ಯಾಂಕ್ ಶಾಫ್ಟನ್ನು ಏಳು ಕಡೆ ಏಳು ಟೋಪಿಗಳು ಹಿಡಿದಿರುತ್ತವೆ. ಪ್ರತಿ ಕಡೆಯೂ ಬೇರಿಂಗಿನ ಎರಡು ಹೋಳು. ಮೇಲೊಂದು, ಕೆಳಗೊಂದು, ಬಳೆಯನ್ನು ಎರಡಾಗಿ ಮುರಿದಂತೆ. ಎಲ್ಲ ಒಟ್ಟಿಗೆ ಬಿಚ್ಚಿದರೆ ಕ್ರ್ಯಾಂಕ್ ಜೋತುಬೀಳುತ್ತದೆ. ಪಟಾಕಿ ನಡುವಿನ ಮೂರನ್ನು ಮಾತ್ರ ಬಿಚ್ಚಿದ. ಕೆಳಗಿನ ಹೋಳು ಟೋಪಿಯ ಜೊತೆಗೇ ಬಂತು. ಮೇಲಿನದನ್ನು, ಕ್ರ್ಯಾಂಕಿನ ಆಯಿಲ್ ತೂತಿಗೊಂದು ಸಣ್ಣ ಪಿನ್ನು ಸಿಕ್ಕಿಸಿ, ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ, ಮಗುವನ್ನು ನಿದ್ದೆಗೆಡಿಸದೆ ತೊಟ್ಟಿಲಿಂದ ಎತ್ತಿದಂತೆ ಹೊರಕ್ಕೆ ಜಾರಿಸಿದ. ಈ ವಿದ್ಯೆಗೆ ಫಾರಮ್ಮಿನಲ್ಲಿ ಚೌಕವಿರಲಿಲ್ಲ.

ಆರು ಹೋಳುಗಳನ್ನೂ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಂಜಿನ್ನಿನೊಳಗೆ ಇದ್ದ ಸಾಲಿನಲ್ಲೇ ಜೋಡಿಸಿದ. ಮೂರು, ನಾಲ್ಕು, ಐದು. ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಮಾರ್ಕರಿನಿಂದ ಬೆನ್ನ ಮೇಲೆ ನಂಬರು ಬರೆದ. ಬೇರಿಂಗ್ ಓದುವುದೆಂದರೆ ಹಾಗೆಯೇ. ಸಾಲು ತಪ್ಪಿದರೆ ಅದು ಬರೀ ತಗಡು.

ಮೇಲಿನ ಹೋಳುಗಳು ಬೂದಿ ಬಣ್ಣಕ್ಕಿದ್ದವು. ಬೇರಿಂಗಿನ ಆರೋಗ್ಯದ ಬಣ್ಣ ಅದು, ನೋಡಲು ಕಳೆಯೇ ಇರುವುದಿಲ್ಲ. ಕೆಳಗಿನ ಮೂರನ್ನು ತಿರುಗಿಸಿದ. ಗೀರುಗಳು. ಗೀರುಗಳ ಒಳಗೆ ಚುಚ್ಚಿಕೊಂಡ ಕಪ್ಪು ಕಣಗಳು. ನಾಲ್ಕನೆಯದರಲ್ಲಂತೂ ನಡುಮಧ್ಯೆ ಬೂದಿ ಪದರವೇ ಮಾಯವಾಗಿ, ಹೆಬ್ಬೆರಳಗಲದ ಕೆಂಪು ತಾಮ್ರ ಹಲ್ಲುಕಿರಿಯುತ್ತಿತ್ತು. ಉಗುರು ಎಳೆದರೆ ಕರಕರ ಎಂದಿತು. ಪಿಟ್ಟಿಗೆ ಮತ್ತೆ ಇಳಿದು ಕ್ರ್ಯಾಂಕಿನ ಮೇಲೂ ಉಗುರು ಎಳೆದ. ಅದು ಎಲ್ಲಿಯೂ ತಡೆಯಲಿಲ್ಲ. ಕ್ರ್ಯಾಂಕ್ ಇನ್ನೂ ಬಚಾವು. ಹೊಸ ಬೇರಿಂಗ್ ಹಾಕಿ, ಆಯಿಲ್ ದಾರಿಗಳನ್ನು ತೊಳೆದರೆ ಎಂಜಿನ್ ಇನ್ನೂ ಹತ್ತು ವರ್ಷ ಓಡುತ್ತದೆ. ಹಾಕದಿದ್ದರೆ ಎಷ್ಟು ತಿರುವು ಓಡುತ್ತದೋ ಯಾರಿಗೆ ಗೊತ್ತು.

ಸ್ಟೋರಿನ ಕಿಟಕಿಯಲ್ಲಿ ಚಿಕ್ಕಮ್ಮ ಕೂತಿದ್ದರು. ಇಪ್ಪತ್ತು ವರ್ಷದಿಂದ ಬಿಡಿಭಾಗಗಳನ್ನು ಕಾಯುತ್ತಿದ್ದ ಆಕೆ ಇಡೀ ವರ್ಕ್‌ಶಾಪಿಗೇ ಚಿಕ್ಕಮ್ಮ.

“ಚಿಕ್ಕಮ್ಮ, ಈ ಎಂಜಿನ್ನಿಗೆ ಮೇನ್ ಬೇರಿಂಗ್ ಸೆಟ್ ಇದ್ಯಾ?”

“ಇದೆ. ಎರಡು ವರ್ಷದಿಂದ ನನ್ನ ಮುಖ ನೋಡ್ಕೊಂಡು ಕೂತಿದೆ. ಚೀಟಿ ತಂದ್ಯಾ?”

“ಬಿಳಿಕೋಟು ಬರ್ಕೊಡಲ್ಲ. ಯಜಮಾನ್ರನ್ನೇ ಕರ್ಕೊಂಡು ಬಂದು ತೋರಿಸ್ತೀನಿ. ಕಣ್ಣಿದ್ದೋನಿಗೆ ಸಾಕು, ತಾಮ್ರ ಕಂಡಿದೆ.”

“ಕಣ್ಣು ಎಲ್ರಿಗೂ ಇರುತ್ತೆ ಮಗನೇ,” ಎಂದರು ಚಿಕ್ಕಮ್ಮ, ಕನ್ನಡಕ ಒರೆಸುತ್ತ. “ಹೋಗ್ ಬಾ. ಬಾಯಿಗೆ ಮಾತ್ರ ಸ್ವಲ್ಪ ಲಗಾಮು ಹಾಕ್ಕೊ.”

ಯಜಮಾನರ ಮನೆ ರಸ್ತೆಯಾಚೆ. ಪಟಾಕಿ ಕೈ ತೊಳೆದು, ಅಲ್ಲಿಗೆ ಹೋಗಿ, ಗೇಟಿನಲ್ಲಿ ಕಾದು, ಅವರು ಊಟ ಮುಗಿಸಿ ಹಲ್ಲುಕಡ್ಡಿ ಆಡಿಸುತ್ತ ಹೊರಬರುವ ಹೊತ್ತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಲಗಾಮು ಹಾಕಿಕೊಂಡೇ ಮಾತಾಡಿದ. ಒಂದೇ ಒಂದು ಸಲ ನೋಡಿ ಯಜಮಾನ್ರೇ, ಆಮೇಲೆ ನೀವು ಹೇಳಿದ ಹಾಗೆ, ಎಂದ. ಯಜಮಾನರು ಕೆಟ್ಟವರಲ್ಲ. ಲಾರಿಯ ವಿಷಯ ಒಂದು ಕಾಲದಲ್ಲಿ ಅವರಿಗೂ ಗೊತ್ತಿತ್ತು. ಈಗ ಸರ್ಟಿಫಿಕೇಟು ಗೊತ್ತು. “ನಡಿ, ನೋಡೋಣ,” ಎಂದು ಚಪ್ಪಲಿ ಮೆಟ್ಟಿದರು.

ಇಬ್ಬರೂ ಶೆಡ್ಡಿಗೆ ಬಂದಾಗ ಬೆಂಚಿನ ಸುತ್ತ ಜನ ಸೇರಿತ್ತು. ನಡುವೆ ಬಿಳಿಕೋಟು, ಕೈಯಲ್ಲಿ ಮೊಬೈಲು ಹಿಡಿದು, ಬಗ್ಗಿ ಫೋಟೋ ತೆಗೆಯುತ್ತಿದ್ದರು.

ಬೆಂಚಿನ ಮೇಲಿದ್ದದ್ದನ್ನು ನೋಡಿ ಪಟಾಕಿಗೆ ಮೊದಲು ಏನೆಂದೇ ತಿಳಿಯಲಿಲ್ಲ. ಒಂದು ಹೂವು ಇತ್ತು. ಆರು ಎಸಳಿನ ಹೂವು. ಆಯಿಲ್ ಹರಿಯಲು ತೂತಿದ್ದ ಮೇಲಿನ ಹೋಳು ಮೂರು ಒಂದು ಕಡೆ, ತೂತಿಲ್ಲದ ಕೆಳಗಿನವು ಮೂರು ಇನ್ನೊಂದು ಕಡೆ, ನಡುವೆ ಒಂದು ನಟ್ಟು. ಪಕ್ಕದಲ್ಲಿ ಹಿತ್ತಾಳೆ ಉಜ್ಜುವ ಪಾಲಿಶ್ ಡಬ್ಬಿ, ಕಪ್ಪಾದ ಒಂದು ಬಟ್ಟೆ. ಆರೂ ಹೋಳುಗಳು ಮದುವಣಗಿತ್ತಿಯರಂತೆ ಥಳಥಳ ಹೊಳೆಯುತ್ತಿದ್ದವು. ಬೆನ್ನ ಮೇಲೆ ಬರೆದಿದ್ದ ನಂಬರುಗಳೂ ಪಾಲಿಶ್ಶಿನ ಜೊತೆ ಹೋಗಿದ್ದವು.

“ಬನ್ನಿ ಭಾವ... ಬನ್ನಿ ಯಜಮಾನ್ರೇ,” ಎಂದು ಬಿಳಿಕೋಟು ಸರಿಪಡಿಸಿಕೊಂಡರು. “ಹನ್ನೊಂದನೇ ಚೌಕ. ಬೇರಿಂಗ್ ಪರೀಕ್ಷೆ, ಫೋಟೋ ಸಮೇತ. ಗೋಡೆಗೆ ಹಾಕಿಸೋಣ ಅಂತಿದೀನಿ.”

“ಯಾರು ಮುಟ್ಟಿದ್ದು ಇದನ್ನ?” ಪಟಾಕಿಯ ದನಿ ಅವನಿಗೇ ಗುರುತು ಸಿಗಲಿಲ್ಲ.

“ಮುಟ್ಟೋದೇನು, ಅರ್ಧ ಗಂಟೆ ಕೂತು ಉಜ್ಜಿದೀನಿ! ನೀನು ಹೇಗಿಟ್ಟಿದ್ದೆ? ಮಸಿ ಹಿಡಿದ ಸೌಟಿನ ಥರ. ಅಂಥದ್ದನ್ನ ಯಾರಿಗಾದ್ರೂ ತೋರಿಸೋಕೆ ಆಗುತ್ತಾ? ನನ್ನ ಕೇಳ್ದೆ ಚೇಂಬರ್ ಬಿಚ್ಚಿದ್ದಕ್ಕೆ ನಿನ್ನ ಮೇಲೆ ರಿಪೋರ್ಟು ಬರೀಬೇಕಿತ್ತು. ಹೋಗ್ಲಿ, ಒಳ್ಳೇದೇ ಆಯ್ತು ಅಂತ ಬಿಟ್ಟಿದೀನಿ.”

ಯಜಮಾನರು ಕನ್ನಡಕ ಏರಿಸಿ ನಾಲ್ಕನೆಯ ಹೋಳನ್ನು, ಅಥವಾ ನಾಲ್ಕನೆಯದಾಗಿದ್ದ ಹೋಳನ್ನು, ಕೈಗೆತ್ತಿಕೊಂಡರು. ತಾಮ್ರ ಬಿಸಿಲಿಗೆ ಬಂಗಾರದಂತೆ ಮಿಂಚಿತು.

“ಎಲಾ! ಏನ್ ಹೊಳಪು ಇದು! ಇಷ್ಟು ಚೆನ್ನಾಗಿರೋದನ್ನ ಬದಲಾಯಿಸ್ಬೇಕು ಅಂತೀಯಲ್ಲೋ ಪಟಾಕಿ?”

“ಯಜಮಾನ್ರೇ, ಅದು ಹೊಳೀತಿರೋದೇ ಕಾಯಿಲೆ. ಹೊಳೀಬಾರದು ಅದು. ಮೇಲಿನ ಪದರ ಪೂರ್ತಿ ತಿಂದುಹೋಗಿ ಒಳಗಿನ ತಾಮ್ರ ಕಾಣ್ತಿದೆ. ಗೀರು ಇತ್ತು, ಕಬ್ಬಿಣದ ಪುಡಿ ಚುಚ್ಕೊಂಡಿತ್ತು. ಇವರು ಉಜ್ಜಿ ಉಜ್ಜಿ ಸಾಕ್ಷೀನೇ ಅಳಿಸಿಬಿಟ್ಟಿದಾರೆ. ಪಾಲಿಶ್ಶಲ್ಲೇ ಮರಳಿನಂಥ ಪುಡಿ ಇರುತ್ತೆ. ಈಗ ಇದನ್ನ ವಾಪಸ್ ಹಾಕಿದ್ರೆ ನಾವೇ ಕೈಯಾರೆ ಎಂಜಿನ್ನಿಗೆ ಮಣ್ಣು ತಿನ್ನಿಸಿದ ಹಾಗೆ.”

“ಗೀರು ಎಲ್ಲಿದೆ ತೋರಿಸು,” ಎಂದರು ಬಿಳಿಕೋಟು.

“ನೀವು ಉಜ್ಜಿದ್ರಲ್ಲ!”

“ಅಂದ್ರೆ ಇಲ್ಲ ಅಂತ ಒಪ್ಕೊಂಡ ಹಾಗಾಯ್ತು.”

ಯಾರೋ ಹಿಂದೆ ಕಿಸಕ್ಕೆಂದರು. ಯಜಮಾನರು ಒಮ್ಮೆ ಹೊಳಪನ್ನು, ಒಮ್ಮೆ ಕೋಟಿನ ಬಿಳುಪನ್ನು, ಒಮ್ಮೆ ಪಟಾಕಿಯ ಕಪ್ಪು ಮೊಣಕೈಯನ್ನು ನೋಡಿದರು. ಎರಡು ಹೊಳೆಯುವ ವಸ್ತುಗಳ ಎದುರು ಒಂದು ಕಪ್ಪು ಮೊಣಕೈ. ಆದರೂ ನ್ಯಾಯವಂತರು, ಒಬ್ಬರೇ ತೀರ್ಮಾನ ಮಾಡಲಿಲ್ಲ. ಲಾರಿಯ ಪಕ್ಕ ನಿಂತಿದ್ದ ಭಾವನತ್ತ ತಿರುಗಿದರು.

“ಡ್ರೈವರೇ, ಗಾಡಿ ಓಡಿಸೋರು ನೀವು. ನೀವೇ ಹೇಳಿ. ಆಯಿಲ್ ಮುಳ್ಳು ಏನಾದ್ರೂ ಇಳೀತಿತ್ತಾ? ಶಬ್ದ ಗಿಬ್ದ?”

ಪಟಾಕಿ ಭಾವನ ಮುಖ ನೋಡಿದ. ಇಡೀ ಶೆಡ್ಡಿನಲ್ಲಿ ಈಗ ಬೇಕಾಗಿದ್ದದ್ದು ಮೂರೇ ಮಾತು: ಹೌದು, ಮುಳ್ಳು ಇಳೀತಿತ್ತು. ಮೊನ್ನೆ ಊಟಕ್ಕೆ ಕೂತಾಗ ಅಕ್ಕನ ಎದುರು ಆಡಿದ ಮಾತನ್ನೇ ಇಲ್ಲಿ ಇನ್ನೊಮ್ಮೆ ಆಡಿದರೆ ಸಾಕಾಗಿತ್ತು.

ಭಾವ ಟವಲಿನಿಂದ ಕತ್ತು ಒರೆಸಿಕೊಂಡ. ಬಿಳಿಕೋಟನ್ನು ನೋಡಿದ. ತನ್ನ ಓನರಿಗೂ ಈ ಯಜಮಾನರಿಗೂ ಇರುವ ಸ್ನೇಹವನ್ನು ನೆನೆದನೋ ಏನೋ, ಗಡಿಯಾರದ ಕಡೆಗೂ ಕಣ್ಣು ಹಾಯಿಸಿದ.

“ಇಲ್ಲ ಸಾರ್. ಅಂಥದ್ದೇನಿಲ್ಲ. ಚೆನ್ನಾಗೇ ಓಡ್ತಿತ್ತು.”

“ಮುಗೀತಲ್ಲ!” ಬಿಳಿಕೋಟು ಅಂಗೈಗೆ ಅಂಗೈ ತಟ್ಟಿದರು.

“ಹಾಗಾದ್ರೆ ವಾಪಸ್ ಹಾಕಿ ಮುಚ್ಚು,” ಎಂದರು ಯಜಮಾನರು. “ಐದಕ್ಕೆ ಗಾಡಿ ಹೊರಡ್ಲಿ. ಬೇಜಾರು ಮಾಡ್ಕೋಬೇಡ ಪಟಾಕಿ, ನಿನ್ನ ಕಾಳಜಿ ನನಗೆ ಅರ್ಥ ಆಗುತ್ತೆ. ಆದ್ರೆ ಕೆಲಸ ಪದ್ಧತಿ ಪ್ರಕಾರ ಆಗ್ಬೇಕು ನೋಡು.”

ಪಟಾಕಿ ಸಿಡಿಯುತ್ತಾನೆಂದು ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವನು ಸಿಡಿಯಲಿಲ್ಲ. “ಆಯ್ತು ಯಜಮಾನ್ರೇ,” ಎಂದ. ಹೂವಿನ ಎಸಳುಗಳನ್ನು ಒಂದೊಂದಾಗಿ ಕಿತ್ತು ಬಟ್ಟೆಗೆ ಹಾಕಿಕೊಂಡ. ಯಾವುದು ಯಾವ ಟೋಪಿಯದೆಂದು ಇನ್ನು ಅವನಿಗೂ ತಿಳಿಯುವಂತಿರಲಿಲ್ಲ. ಆಯಿಲ್ ದಾರಿಯೇ ಮುಚ್ಚಿಹೋಗುವಂತೆ ತೂತಿದ್ದ ಹೋಳು ಕೆಳಗೆ, ತೂತಿಲ್ಲದ್ದು ಮೇಲೆ ಅಂತ ಬಿಳಿಕೋಟೇ ಹಾಕಿಸಿದರೂ ಆಶ್ಚರ್ಯವಿರಲಿಲ್ಲ. ಫೋಟೋದಲ್ಲಿ ಹಾಗೇ ಚೆನ್ನಾಗಿ ಕಾಣುತ್ತಿತ್ತು.

ಅವನು ಪಿಟ್ಟಿನ ಕಡೆ ಹೋಗಲಿಲ್ಲ. ಮೂಲೆಯಲ್ಲಿದ್ದ ಅಡಿಗಲ್ಲಿನ ಕಡೆ ಹೋದ. ಸ್ಪ್ರಿಂಗ್ ಪಟ್ಟಿ ಬಡಿಯುವ ಕಬ್ಬಿಣದ ದಪ್ಪ ದಿಮ್ಮಿ ಅದು. ಮೊದಲ ಹೋಳನ್ನು ಅದರ ಮೇಲೆ ಬೋರಲು ಹಾಕಿದ. ನಾಲ್ಕು ಕಿಲೋ ಸುತ್ತಿಗೆ ಎತ್ತಿದ.

ಧಡಾರ್!

ಅರ್ಧ ಬಳೆ ಚಪಾತಿಯಾಯಿತು. ಯಾರಿಗೂ ಏನಾಗುತ್ತಿದೆ ಎಂದು ಹೊಳೆಯುವ ಮೊದಲೇ ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಬಿಳಿಕೋಟು, “ಹಿಡೀರೋ ಅವನ್ನ!” ಎಂದು ಕೂಗಿದರು. ನಾಲ್ಕು ಕಿಲೋ ಸುತ್ತಿಗೆ ಆಡುತ್ತಿರುವ ಕೈಯನ್ನು ಹಿಡಿಯಲು ಯಾರಿಗೂ ಅರ್ಜೆಂಟಿರಲಿಲ್ಲ. ಐದು. ಆರು. ಕೊನೆಯದಕ್ಕೆ ಒಂದೇಟು ಹೆಚ್ಚಿಗೆ ಬಿತ್ತು, ಅಷ್ಟೇ.

ಶೆಡ್ಡಿನ ತಗಡು ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಲೇ ಇತ್ತು.

“ಯಜಮಾನ್ರೇ,” ಬಿಳಿಕೋಟು ಪೆನ್ನು ತೆಗೆದು ಫಾರಮ್ಮು ತಿರುವಿಹಾಕಿದರು. “ಇದನ್ನ... ಇದನ್ನ ಯಾವ ಚೌಕದಲ್ಲಿ ಬರೀಲಿ?”

“ನಿನ್ನ ಹಣೇಲಿ ಬರ್ಕೋ!” ಯಜಮಾನರ ಮುಖ ಕೆಂಪೇರಿತ್ತು. “ಲೋ ಪಟಾಕಿ, ನಿನಗೆ ತಲೆಗಿಲೆ ಕೆಟ್ಟಿದ್ಯಾ? ಹಾಕು ಅಂದ್ರೆ ಜಜ್ಜಿ ಹಾಕ್ತೀಯಾ? ಈಗ ಈ ಗಾಡಿಗೆ ಏನೋ ಹಾಕೋದು?”

ಉತ್ತರ ಬಂದದ್ದು ಸ್ಟೋರಿನ ಕಡೆಯಿಂದ. ಚಿಕ್ಕಮ್ಮ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಚೀಟಿಯಿಲ್ಲದೆ ಕಿಟಕಿಯಾಚೆಗೆ ಬಂದಿದ್ದರು. ಕೈಯಲ್ಲಿದ್ದ ಧೂಳು ಹಿಡಿದ ಡಬ್ಬವನ್ನು ಬೆಂಚಿನ ಮೇಲೆ ಕುಕ್ಕಿದರು.

“ಇನ್ನೇನು ಹಾಕ್ತೀರಾ? ಇದೊಂದೇ ಇರೋದು. ಹೊಸ ಸೆಟ್ಟು, ಏಳು ಜೊತೆ. ಪಾಲಿಶ್ ಮಾಡ್ಬೇಡಿ.”

ಯಜಮಾನರು ಡಬ್ಬ ನೋಡಿದರು, ಅಡಿಗಲ್ಲಿನ ಮೇಲಿನ ಆರು ತಗಡು ನೋಡಿದರು. ಬೇರೆ ದಾರಿ ಇರಲಿಲ್ಲ. ದಾರಿ ಇಲ್ಲದಾಗ ಅವರ ಹಳೆಯ ಬುದ್ಧಿ ಸ್ವಲ್ಪ ಎಚ್ಚರಾಗುತ್ತಿತ್ತು. ಇನ್ನೊಬ್ಬ ಮೇಸ್ತ್ರಿಯನ್ನು ಕರೆದು, “ಆಯಿಲ್ ದಾರಿ ಎಲ್ಲ ತೊಳೀರಿ. ಒಂದೊಂದೇ ಟೋಪಿ ಬಿಚ್ಚಿ, ಏಳೂ ಹೊಸದು ಹಾಕ್ರಿ. ನಾನೇ ನಿಂತು ನೋಡ್ತೀನಿ,” ಎಂದರು. ಆಮೇಲೆ ಪಟಾಕಿಯ ಕಡೆ ತಿರುಗಿ, ತಮ್ಮ ಮರ್ಯಾದೆಗೆ ಬೇಕಾದಷ್ಟು ದನಿ ಎತ್ತಿದರು. “ನೀನು ನಾಳೆಯಿಂದ ಬರಬೇಡ. ಇಂಥೋರು ನಮಗೆ ಬೇಡ.”

“ಶಿಸ್ತು ಅನ್ನೋದು ಇರಬೇಕು,” ಎಂದರು ಬಿಳಿಕೋಟು, ಹಣೆ ಒರೆಸಿಕೊಂಡು. ಅಷ್ಟರಲ್ಲಿ ಅವರಿಗೆ ಇನ್ನೊಂದು ಹೊಳೆದಿತ್ತು. “ಹಳೇ ಬೇರಿಂಗ್ ಮರುಬಳಕೆ ಆಗದ ಹಾಗೆ ನಾಶ ಮಾಡಲಾಗಿದೆ ಅಂತ ಬರೀಬಹುದಲ್ವಾ ಯಜಮಾನ್ರೇ? ಇಪ್ಪತ್ತನೇ ಚೌಕದಲ್ಲಿ ಟಿಕ್ ಪಕ್ಕ ಜಾಗ ಇದೆ.”

ಪಟಾಕಿ ಸುತ್ತಿಗೆಯನ್ನು ಅದರ ಜಾಗಕ್ಕೆ ನೇತುಹಾಕಿದ. ನಲ್ಲಿಯ ಬಳಿ ಹೋಗಿ ಸೋಪಿನ ಪುಡಿ ಹಾಕಿ ಮೊಣಕೈ ತನಕ ಉಜ್ಜಿದ. ಕಪ್ಪು ಅರ್ಧ ಹೋಯಿತು, ಅರ್ಧ ಉಳಿಯಿತು. ಮೊಳೆಯಲ್ಲಿದ್ದ ತನ್ನ ಅಂಗಿ ತೆಗೆದು ಹೆಗಲಿಗೆ ಹಾಕಿಕೊಂಡ. ಪಿಟ್ಟಿನೊಳಗೆ ಆಗಲೇ ಟಾರ್ಚು ಹತ್ತಿತ್ತು. ಮೇಸ್ತ್ರಿ ಮೊದಲ ಹೊಸ ಹೋಳನ್ನು ಕಾಗದದಿಂದ ಬಿಡಿಸುತ್ತಿದ್ದ. ಬೂದಿ ಬಣ್ಣ, ಕಳೆಯಿಲ್ಲದ್ದು. ಪಟಾಕಿ ಅದು ಒಳಗೆ ಜಾರಿ ಕೂರುವ ತನಕ ನಿಂತು ನೋಡಿದ.

ಗೇಟಿನ ಹತ್ತಿರ ಭಾವ ಓಡಿಬಂದು ಅಡ್ಡ ನಿಂತ. ಟವಲು ಕೈಯಲ್ಲಿ ಮುದುರಿಹೋಗಿತ್ತು.

“ಲೋ, ನಿಲ್ಲೋ. ನಾನೇನು ಮಾಡ್ಲಿ? ಎಲ್ರ ಮುಂದೆ ಕೇಳ್ಬಿಟ್ರು. ಹೌದು ಅಂದಿದ್ರೆ ನನ್ನ ಕೆಲಸ ಹೋಗ್ತಿತ್ತು ಕಣೋ.”

ಪಟಾಕಿ ಅವನನ್ನು ಬಳಸಿಕೊಂಡು ಮುಂದಕ್ಕೆ ಕಾಲಿಟ್ಟ.

“ಬೈಯೋದಾದ್ರೂ ಬೈದುಬಿಡೋ! ಹೀಗೆ ಸುಮ್ನಿರಬೇಡ. ಮನೆಗೆ ಹೋದ್ರೆ ನಿಮ್ಮಕ್ಕ ಕೇಳ್ತಾಳೆ, ತಮ್ಮನ ಕೆಲಸ ಯಾಕೆ ಹೋಯ್ತು ಅಂತ. ಏನಂತ ಹೇಳ್ಲೋ ಅವಳಿಗೆ? ಲೋ!”

ರಸ್ತೆಯಲ್ಲಿ ಒಂದು ಟ್ಯಾಂಕರು ಹಾರನ್ ಹಾಕುತ್ತ ಹಾದುಹೋಯಿತು. ಪಟಾಕಿ ಅದು ಹೋಗುವ ತನಕ ಅಂಚಿನಲ್ಲಿ ನಿಂತ. ನಂತರ ತಿರುಗಿ ನೋಡದೆ ರಸ್ತೆ ದಾಟಿ, ಬಸ್ ಸ್ಟಾಪಿನ ಕಡೆ ನಡೆದುಹೋದ.